ಮೇರ್ ಐಲ್ಯಾಂಡಿನಲ್ಲಿ ಮೂರು ದಿನ: ಬೆಸುಗೆ, ನೀಲಿ, ಅರಗು

ಮೊದಲ ದಿನ, ಶುಕ್ರವಾರ, 18 ಅಕ್ಟೋಬರ್ 2024

ಮೇಕರ್ ಫೇರ್ ಮೇಳಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಫೆರಿ ಬಿಲ್ಡಿಂಗ್ ಹಿಂದಿನ ಕಟ್ಟೆಯಿಂದ ವಲೇಹೊ ಊರಿನ ಕಡೆಗೆ ಹೊರಡುವ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ವಲೇಹೊಗೆ ಹೋಗುವ ಎಲ್ಲ ದೋಣಿಗಳೂ ಎದುರು ದಡದ ಮೇರ್ ಐಲ್ಯಾಂಡ್ ಮುಟ್ಟುವುದಿಲ್ಲ. ಹತ್ತುವ ಮೊದಲೇ ಕೇಳಿಕೊಳ್ಳಬೇಕು. ವಲೇಹೊದಲ್ಲೇ ಇಳಿಯಬೇಕಾಗಿ ಬಂದರೆ ಸೇತುವೆ ದಾಟಲು ಗಾಡಿ ಹಿಡಿಯಬೇಕು. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯಿಂದ ಕಾರಿನಲ್ಲಿ ಬರುವವರಿಗೆ 680 ಹೆದ್ದಾರಿಯಲ್ಲಿ ಬೆನಿಶಾ ಸೇತುವೆ ದಾಟಿ 780 ಹೆದ್ದಾರಿ ಹಿಡಿಯುವುದು ಸಲೀಸು. ಉತ್ತರಕ್ಕೆ ಹೋಗುವಾಗ ಸೇತುವೆಗೆ ಸುಂಕ ಉಂಟು, ವಾಪಸ್ ಬರುವಾಗ ಇಲ್ಲ.

ದ್ವೀಪ ಎಂದು ಕರೆದರೂ ಇದು ಪರ್ಯಾಯದ್ವೀಪ. ಈ ಸೀಮೆಯ ಮೆಕ್ಸಿಕನ್ ಸೇನಾಧಿಕಾರಿ ಜನರಲ್ ವಲೇಹೊ ಅವರ ಹೆಣ್ಣುಕುದುರೆಯೊಂದು ನೀರಿಗೆ ಬಿದ್ದು ಈಜಿ ಈ ದಡ ಸೇರಿತಂತೆ, ಅದರಿಂದಲೇ ಹೆಸರು. 1854ರಲ್ಲಿ ಇಲ್ಲಿ ಅಮೆರಿಕದ ನೌಕಾಪಡೆ ಶಾಂತಸಾಗರದ ತೀರದಲ್ಲೇ ಮೊದಲನೆಯ ಹಡಗುಕಟ್ಟೆಯನ್ನು ತೆರೆಯಿತು. 1996ರಲ್ಲಿ ಮುಚ್ಚುವವರೆಗೂ ಯುದ್ಧನೌಕೆಯಿಂದ ಹಿಡಿದು ಪರಮಾಣು ಜಲಾಂತರ್ಗಾಮಿಯವರೆಗೆ ಕಟ್ಟಿದ ಜಾಗ ಇದು. ಎತ್ತರದ ಇಟ್ಟಿಗೆ ಗೋಡೆಗಳು, ತಲೆಯ ಮೇಲೆ ತುಕ್ಕು ಹಿಡಿದ ಕ್ರೇನು, ನೆಲದಲ್ಲಿ ಹೂತ ರೈಲು ಕಂಬಿ. ಮಕ್ಕಳ ತಳ್ಳುಗಾಡಿಯ ಸಣ್ಣ ಚಕ್ರ ಈ ಕಂಬಿಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಅಡ್ಡಲಾಗಿಯೇ ದಾಟಿಸಬೇಕು. ಬೆಳಗ್ಗೆ ಮಂಜು, ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಕಾಲುವೆ ಕಡೆಯಿಂದ ಚಳಿಗಾಳಿ. ಒಂದೇ ದಿನಕ್ಕೆ ಸ್ವೆಟರೂ ಬೇಕು, ಟೋಪಿಯೂ ಬೇಕು.

ಮೇಕರ್ ಫೇರ್ ಎಂದರೆ ಸ್ವಂತ ಕೈಯಿಂದ ಮಾಡುವವರ ಜಾತ್ರೆ. 2006ರ ಏಪ್ರಿಲಿನಲ್ಲಿ ಸ್ಯಾನ್ ಮಟೇಯೊದಲ್ಲಿ ಮೊದಲ ಸಲ ನಡೆಯಿತು. ಅದರ ಹಿಂದೆ ಇದ್ದದ್ದು ಅದಕ್ಕೆ ಒಂದು ವರ್ಷ ಮೊದಲು ಹುಟ್ಟಿದ ‘ಮೇಕ್’ ಪತ್ರಿಕೆ ಮತ್ತು ಅದರ ಸ್ಥಾಪಕ ಡೇಲ್ ಡೌರ್ಟಿ. 2019ರ ನಂತರ ದೊಡ್ಡ ಮೇಳ ನಿಂತುಹೋಗಿ, 2023ರಲ್ಲಿ ಈ ಹಡಗುಕಟ್ಟೆಯಲ್ಲಿ ಮತ್ತೆ ಶುರುವಾಯಿತು. ಜಾಗದ ಆಯ್ಕೆ ಬಹಳ ಚೆನ್ನಾಗಿದೆ. ಕಬ್ಬಿಣ ಕಡಿದು, ಕಾಯಿಸಿ, ಜೋಡಿಸಿದ ಶೆಡ್ಡುಗಳಲ್ಲೇ ಮತ್ತೆ ಕಡಿಯುವ, ಕಾಯಿಸುವ ಸದ್ದು ಕೇಳುತ್ತದೆ.

ಮೂರು ದಿನಗಳಲ್ಲಿ ಶುಕ್ರವಾರವೇ ಕಲಿಯುವವರಿಗೆ ಒಳ್ಳೆಯದು. ಜನ ಕಡಿಮೆ, ಮೇಜಿನ ಹಿಂದಿರುವವರ ಗಂಟಲು ಇನ್ನೂ ಕಟ್ಟಿರುವುದಿಲ್ಲ. ಎಲ್ಲವನ್ನೂ ನೋಡಿ ಮುಗಿಸುವ ಆಸೆ ಬಿಟ್ಟು, ದಿನಕ್ಕೆ ಒಂದು ಕೆಲಸಕ್ಕೆ ಪೂರ್ತಿ ಕೈ ಹಾಕಬೇಕು. ಸಿದ್ಧವಾದ ವಸ್ತುವಿನ ಮುಂದೆ ನಿಂತು ಫೋಟೊ ತೆಗೆದುಕೊಂಡು ಹೋದವರಿಗೆ ಈ ಮೇಳ ಅರ್ಧವೂ ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘ಇದು ಮೊದಲ ಸಲ ಯಾಕೆ ಕೆಟ್ಟಿತು?’ ಹಾಗೆ ಕೇಳಿದರೆ ಮೇಜಿನ ಕೆಳಗಿನಿಂದ ಕೆಟ್ಟ ತುಂಡುಗಳ ಡಬ್ಬಿ ಮೇಲೆ ಬರುತ್ತದೆ. ನಿಜವಾದ ಪಾಠ ಆ ಡಬ್ಬಿಯಲ್ಲಿದೆ.

ಮೊದಲ ದಿನದ ಕೆಲಸ ಸೋಲ್ಡರಿಂಗ್, ಅಂದರೆ ಲೋಹ ಕರಗಿಸಿ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವುದು. ಉದ್ದನೆಯ ಮೇಜು, ಹತ್ತಿಪ್ಪತ್ತು ಸೋಲ್ಡರಿಂಗ್ ಐರನ್. ಪ್ರತಿಯೊಬ್ಬರಿಗೂ ಅಂಗಿಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ (ಇದೇ ಸರ್ಕ್ಯೂಟ್ ಬೋರ್ಡು), ಎರಡು ಎಲ್‌ಇಡಿ, ನಾಣ್ಯದಂಥ ಒಂದು ಸಿಆರ್2032 ಬ್ಯಾಟರಿ, ಅದನ್ನು ಕೂರಿಸುವ ಕ್ಲಿಪ್ಪು. ನೋಡಲು ಮಕ್ಕಳ ಆಟ, ಆದರೆ ಕೆಡಬಹುದಾದದ್ದೆಲ್ಲ ಇದರಲ್ಲೇ ಇದೆ.

ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿಬಿಟ್ಟಿದ್ದರೆ ತಲೆಯ ಅಂಚು ಸವರಿ ನೋಡಿ, ಚಪ್ಪಟೆಯಾದ ಕಡೆ ಮೈನಸ್. ಬಿಲ್ಲೆಯ ತೂತಿನಲ್ಲಿ ಕಾಲು ತೂರಿಸಿ, ಹಿಂದೆ ಸ್ವಲ್ಪ ಅಗಲಿಸಿದರೆ ತಿರುಗಿಸಿದಾಗ ಬೀಳುವುದಿಲ್ಲ. ಐರನ್ನಿನ ತುದಿಯನ್ನು ಹಿತ್ತಾಳೆ ಎಳೆಗಳ ಉಂಡೆಗೆ ಒಮ್ಮೆ ಚುಚ್ಚಿ, ಹೊಸ ಬೆಸುಗೆಯನ್ನು ತುಸು ತಾಗಿಸಿ ಹೊಳೆಯುವಂತೆ ಮಾಡಬೇಕು. ಕಪ್ಪಾದ ತುದಿ ಎಷ್ಟು ಬಿಸಿ ಇದ್ದರೂ ಶಾಖ ದಾಟಿಸುವುದಿಲ್ಲ. ಆಮೇಲೆ ತುದಿಯ ಪಕ್ಕವನ್ನು ಬೋರ್ಡಿನ ತಾಮ್ರದ ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗಿಸಿ ಎರಡು ಎಣಿಸಿ. ಬೆಸುಗೆ ತಂತಿಯನ್ನು ಎದುರು ಬದಿಯಿಂದ ಕಾಲಿಗೆ ಕೊಡಿ, ಐರನ್ನಿನ ತುದಿಗಲ್ಲ. ಕರಗಿ ಸುತ್ತ ಹರಿದ ತಕ್ಷಣ ಮೊದಲು ತಂತಿ ತೆಗೆಯಿರಿ, ಆಮೇಲೆ ಐರನ್. ಒಟ್ಟು ಮೂರು ನಾಲ್ಕು ಸೆಕೆಂಡ್, ಅಷ್ಟೇ.

ಸರಿಯಾದ ಬೆಸುಗೆ ಕಾಲಿನ ಸುತ್ತ ಒಳಕ್ಕೆ ಬಾಗಿದ ಪುಟ್ಟ ಗುಡ್ಡದಂತೆ ಕಾಣುತ್ತದೆ. ಗೋಲಿಯಂತೆ ಉಬ್ಬಿ ಕೂತಿದ್ದರೆ ಕಾಲಿಗೆ ಹಿಡಿದಿದೆ, ಪ್ಯಾಡಿಗೆ ಹಿಡಿದಿಲ್ಲ. ಪ್ಯಾಡ್ ಕಾಯದೆ ಇದ್ದದ್ದೇ ಕಾರಣ. ಹೊಸ ಬೆಸುಗೆ ಸುರಿದರೆ ಗೋಲಿ ದೊಡ್ಡದಾಗುತ್ತದೆ, ರೋಗ ಹೋಗುವುದಿಲ್ಲ. ಸ್ವಲ್ಪ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಬಳಸುವ ರಾಳ) ಹಚ್ಚಿ ಮತ್ತೆ ಕಾಯಿಸಬೇಕು. ಹತ್ತು ಸೆಕೆಂಡಿನ ಮೇಲೆ ಒತ್ತಿ ಹಿಡಿದರೆ ಪ್ಯಾಡ್ ಬೋರ್ಡಿನಿಂದ ಎದ್ದು ಬರುತ್ತದೆ. ಆಗ ತಂತಿ ತುಂಡಿನಿಂದ ಸೇತುವೆ ಕಟ್ಟುವುದೊಂದೇ ದಾರಿ.

ತವರ 63, ಸೀಸ 37 ಪಾಲಿನ ಬೆಸುಗೆ ಸರಿಯಾಗಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಲಕ್ಕೆ ಕರಗಿ ಒಂದೇ ಸಲಕ್ಕೆ ಗಟ್ಟಿಯಾಗುತ್ತದೆ. 60–40ರದ್ದು ನಡುವೆ ಕೆಲವು ಡಿಗ್ರಿ ಕಾಲ ಕೆಸರಿನಂತಿರುತ್ತದೆ. ಆಗ ಕೈ ಅಲುಗಿದರೆ ಒಳಗೆ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಸೀಸವಿಲ್ಲದ, ತವರ–ಬೆಳ್ಳಿ–ತಾಮ್ರದ ಬೆಸುಗೆಗೆ 217ರಿಂದ 220 ಡಿಗ್ರಿ ಬೇಕು. ಹಾಗಾಗಿ ಐರನ್ನನ್ನು ಸೀಸದ್ದಕ್ಕೆ 320–350ಕ್ಕೆ, ಸೀಸವಿಲ್ಲದ್ದಕ್ಕೆ 360–380ಕ್ಕೆ ಇಡುತ್ತಾರೆ. ಮೂಗಿಗೆ ಬರುವ ಹೊಗೆ ಸೀಸದ್ದಲ್ಲ, ರಾಳದ ಫ್ಲಕ್ಸಿನದ್ದು. ಉಬ್ಬಸ ಇರುವವರಿಗೆ ಅದೂ ಕೆಟ್ಟದ್ದೇ, ಅದಕ್ಕೇ ಪ್ರತಿ ಐರನ್ನಿನ ಹಿಂದೆ ಹೊಗೆ ಎಳೆಯುವ ಪುಟ್ಟ ಫ್ಯಾನ್. ಸೀಸ ದೇಹಕ್ಕೆ ಹೋಗುವುದು ಬೆರಳಿನಿಂದ ಬಾಯಿಗೆ. ಸೋಪು ಹಾಕಿ ಕೈ ತೊಳೆಯದೆ ಪಕ್ಕದ ಅಂಗಡಿಯ ಪಾಪ್‌ಕಾರ್ನ್ ಮುಟ್ಟಬಾರದು.

ಮೇಜಿನಲ್ಲಿ ಮತ್ತೆ ಮತ್ತೆ ಏಳುವ ದೂರು: ‘ಕೆಂಪು ಉರಿಯುತ್ತೆ, ನೀಲಿ ಉರಿಯಲ್ಲ.’ ಬೆಸುಗೆಯಲ್ಲಿ ತಪ್ಪಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ಎರಡನ್ನೂ ಪಕ್ಕಪಕ್ಕ ಒಂದೇ ಬ್ಯಾಟರಿಗೆ ಜೋಡಿಸಿದರೆ ಕೆಂಪು ವೋಲ್ಟೇಜನ್ನು 2ಕ್ಕೇ ಹಿಡಿದು ನಿಲ್ಲಿಸುತ್ತದೆ, ನೀಲಿಗೆ ಏನೂ ಸಿಗುವುದಿಲ್ಲ. ಒಂದೇ ಬಣ್ಣದ ಜೋಡಿ ಆರಿಸಿಕೊಂಡರೆ ತೊಂದರೆಯೇ ಇಲ್ಲ. ಕರೆಂಟು ತಗ್ಗಿಸುವ ರೆಸಿಸ್ಟರ್ ಇಲ್ಲದೆಯೂ ಎಲ್‌ಇಡಿ ಸುಡದೆ ಉಳಿಯುವುದಕ್ಕೆ ಕಾರಣ ಈ ಪುಟ್ಟ ಬ್ಯಾಟರಿಯ ಒಳತಡೆ ಹೆಚ್ಚಿರುವುದು. ಇದನ್ನೇ ನೋಡಿಕೊಂಡು ಮನೆಯಲ್ಲಿ 9 ವೋಲ್ಟಿನ ಬ್ಯಾಟರಿಗೆ ನೇರ ಜೋಡಿಸಿದರೆ ಕ್ಷಣದಲ್ಲಿ ಸತ್ತುಹೋಗುತ್ತದೆ. ಅಲ್ಲಿ 9ರಿಂದ 2 ಕಳೆದು, ಉಳಿದ 7 ವೋಲ್ಟನ್ನು 15 ಮಿಲಿಆಂಪಿಯರಿನಿಂದ ಭಾಗಿಸಿ: ಸುಮಾರು 467 ಓಮ್. ಅಂಗಡಿಯಲ್ಲಿ ಸಿಗುವುದು 470.

ಪುಟ್ಟ ಮಕ್ಕಳಿರುವ ಮನೆಗೆ ಈ ಬಿಲ್ಲೆ ಹೋಗುವುದಾದರೆ ಬ್ಯಾಟರಿ ತೆಗೆದೇ ಒಯ್ಯಿರಿ. ನುಂಗಿದ ನಾಣ್ಯದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅಲ್ಲಿ ಸುಟ್ಟ ಗಾಯ ಮಾಡಬಲ್ಲದು.

ಎರಡನೆಯ ದಿನ, ಶನಿವಾರ

ಜನಸಾಗರ. ಬಾಗಿಲು ತೆರೆಯುವ ಮೊದಲೇ ಸಾಲು ಬೆಳೆದಿತ್ತು. ಎರಡನೆಯ ದಿನದ ಕೆಲಸ ಬಟ್ಟೆಗೆ ನೀಲಿ (ಇಂಡಿಗೊ) ಬಣ್ಣ ಹಾಕುವುದು. ಬಕೆಟ್ಟಿನ ನೀಲಿ ಬೆಳಗ್ಗೆ ಚುರುಕಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೂರು ಕೈಗಳು ಗಾಳಿ ತುಂಬಿ ಸುಸ್ತು ಮಾಡಿರುತ್ತವೆ. ಆದ್ದರಿಂದ ಮೊದಲು ಅಲ್ಲಿಗೇ.

ಇಲ್ಲಿ ನಡೆಯುತ್ತಿದ್ದದ್ದು 1–2–3 ಎಂದು ಕರೆಯುವ ವಿಧಾನ: ತೂಕದಲ್ಲಿ ಒಂದು ಪಾಲು ನೀಲಿ ಪುಡಿ, ಎರಡು ಪಾಲು ಸುಣ್ಣ, ಮೂರು ಪಾಲು ಫ್ರಕ್ಟೋಸ್ ಸಕ್ಕರೆ. ಫ್ರಾನ್ಸಿನ ಮಿಷೆಲ್ ಗಾರ್ಸಿಯಾ ಅವರಿಂದ ಜಗತ್ತಿನ ಬಣ್ಣಗಾರರಿಗೆ ಹಬ್ಬಿದ ಲೆಕ್ಕ ಇದು. ಸುಣ್ಣ ಎಂದರೆ ನಮ್ಮ ಎಲೆಅಡಿಕೆಯ ಸುಣ್ಣವೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹತ್ತು ಲೀಟರ್ ಬಕೆಟ್ಟಿಗೆ 50 ಗ್ರಾಂ ನೀಲಿ, 100 ಗ್ರಾಂ ಸುಣ್ಣ, 150 ಗ್ರಾಂ ಫ್ರಕ್ಟೋಸ್ ಹಾಕಿದರೆ ಮಧ್ಯಮ ಗಾಢ ಬಣ್ಣ ಬರುತ್ತದೆ.

ನೀಲಿ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ. ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ರೂಪ ಬದಲಿಸುವ ಸಕ್ಕರೆ ಬೇಕು, ಆ ಕೆಲಸ ನಡೆಯಲು ಸುಣ್ಣದ ಕ್ಷಾರ ಬೇಕು. ಆಗ ಅದು ಬಣ್ಣ ಕಳೆದುಕೊಂಡು ಕರಗುತ್ತದೆ, ನೂಲಿನೊಳಗೆ ನುಗ್ಗುತ್ತದೆ; ಹೊರಗೆ ತೆಗೆದಾಗ ಗಾಳಿ ತಾಗಿ ಒಳಗೇ ಮತ್ತೆ ಗಟ್ಟಿ ನೀಲಿಯಾಗಿ ಕೂತುಬಿಡುತ್ತದೆ. ಬೆಲ್ಲದಲ್ಲಿ ಮಾಡಬಹುದೇ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಆದರೆ ನಿಧಾನ. ಬೆಲ್ಲದಲ್ಲಿ ಹೆಚ್ಚಿನ ಪಾಲು ಸುಕ್ರೋಸ್, ಅದರಿಂದ ಆ ಕೆಲಸ ಆಗುವುದಿಲ್ಲ. ಕೆಲಸ ಮಾಡುವುದು ಅದರೊಳಗಿನ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಮಾತ್ರ. ಹಾಗಾಗಿ ಹೆಚ್ಚು ಬೆಲ್ಲ, ಹೆಚ್ಚು ಹೊತ್ತು.

ಪುಡಿಯನ್ನು ಮೊದಲು ಒಂದು ಬಾಟಲಿಯಲ್ಲಿ ಬಿಸಿನೀರು, ನಾಲ್ಕೈದು ಗೋಲಿಗಳ ಜೊತೆ ಹಾಕಿ ಚೆನ್ನಾಗಿ ಕುಲುಕುತ್ತಾರೆ; ಗಂಟು ಉಳಿದರೆ ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತದೆ. ಬಕೆಟ್ಟಿನಲ್ಲಿ 50–60 ಡಿಗ್ರಿ ಬಿಸಿನೀರು. ಅದಕ್ಕೆ ನೀಲಿ, ಆಮೇಲೆ ಸಕ್ಕರೆ, ಕೊನೆಗೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ. ಕೋಲನ್ನು ಒಂದೇ ದಿಕ್ಕಿಗೆ, ಗುಳ್ಳೆ ಏಳದಂತೆ ತಿರುಗಿಸಬೇಕು. ಮುಚ್ಚಿಟ್ಟು ಮುಕ್ಕಾಲು ಗಂಟೆ ಬಿಟ್ಟರೆ ಮೇಲೆ ತಾಮ್ರದ ಹೊಳಪಿನ ಪೊರೆ ಕಟ್ಟುತ್ತದೆ, ನಡುವೆ ನೀಲಿ ನೊರೆ. ಪೊರೆ ಸರಿಸಿ ನೋಡಿದಾಗ ಕೆಳಗಿನ ನೀರು ಜೇನಿನ ಬಣ್ಣಕ್ಕೋ ಹಳದಿ ಹಸಿರಿಗೋ ತಿರುಗಿದ್ದರೆ ತಯಾರು. ಇನ್ನೂ ನೀಲಿಯಾಗಿಯೇ ಇದ್ದರೆ ಬಟ್ಟೆ ಇಳಿಸಬೇಡಿ. ಆಗ ಇಳಿಸಿದ ಬಣ್ಣ ಮೇಲ್ಮೈಗೆ ಅಂಟುತ್ತದೆ, ತೊಳೆದಾಗ ಹೋಗುತ್ತದೆ. ನೀರು ಆರಿದ್ದರೆ ಬಿಸಿ ಮಾಡಿ. ಬಿಸಿ ಇದ್ದರೂ ತಿರುಗದಿದ್ದರೆ ಒಂದು ಚಮಚ ಸಕ್ಕರೆ, ಪಿಎಚ್ 10ಕ್ಕಿಂತ ಇಳಿದಿದ್ದರೆ ಸ್ವಲ್ಪ ಸುಣ್ಣ.

ಬಟ್ಟೆ ಹತ್ತಿಯದ್ದಾಗಿರಬೇಕು, ಗಂಜಿ ಪೂರ್ತಿ ಹೋಗಿರಬೇಕು. ಹೊಸ ಕರವಸ್ತ್ರವನ್ನು ನೇರ ಅದ್ದಿದವರಿಗೆ ಅಲ್ಲಲ್ಲಿ ಬಿಳಿ ತೇಪೆ ಉಳಿಯುವುದು ಈ ಗಂಜಿಯಿಂದಲೇ. ದಾರದಿಂದ ಬಿಗಿದು ಕಟ್ಟಿದ್ದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ನಿಧಾನವಾಗಿ ಇಳಿಸಬೇಕು. ಒಣಬಟ್ಟೆ ತನ್ನ ಜೊತೆ ಗಾಳಿಯನ್ನೂ ಒಯ್ಯುತ್ತದೆ. ತಳದ ಗಸಿ ಮುಟ್ಟಕೂಡದು, ಅದಕ್ಕೇ ಬಕೆಟ್ಟಿನ ನಡುವೆ ಒಂದು ಜಾಲರಿ ತೂಗುಹಾಕಿದ್ದರು. ಐದು ನಿಮಿಷದ ನಂತರ ನೀರಿನೊಳಗೇ ಹಿಂಡಿ ಹೊರತೆಗೆಯಬೇಕು, ಎತ್ತರದಿಂದ ತೊಟ್ಟಿಕ್ಕಿಸಬಾರದು. ಹೊರಬಂದ ಬಟ್ಟೆ ಎಳೆ ಬಾಳೆಸುಳಿಯ ಹಸಿರು; ಎಣಿಸುತ್ತ ನಿಂತಂತೆ ಅಂಚಿನಿಂದ ನೀಲಿ ಹಬ್ಬುತ್ತದೆ. ಮೇಳದ ಮೂರು ದಿನಗಳಲ್ಲಿ ಎಷ್ಟು ಸಲ ನೋಡಿದರೂ ತಣಿಯದ ದೃಶ್ಯ ಇದು. ಹದಿನೈದು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಅದ್ದಬೇಕು. ಗಾಢ ಬಣ್ಣ ಬೇಕೆಂದು ಒಂದೇ ಸಲ ಅರ್ಧ ಗಂಟೆ ಮುಳುಗಿಸಿದರೆ ಪ್ರಯೋಜನವಿಲ್ಲ, ಐದೈದು ನಿಮಿಷದ ನಾಲ್ಕು ಮುಳುಗು ಬೇಕು. ಸುಣ್ಣದ ನೀರು ಚರ್ಮ ತಿನ್ನುತ್ತದೆ, ಕಣ್ಣಿಗೆ ಇನ್ನೂ ಕೆಟ್ಟದ್ದು. ಕೈಗವಸು, ಕನ್ನಡಕ ಇಲ್ಲದ ಮಕ್ಕಳನ್ನು ಬಕೆಟ್ಟಿನ ಹತ್ತಿರ ಬಿಡಲಿಲ್ಲ. ಅದು ಸರಿ.

ಮಧ್ಯಾಹ್ನ 3ಡಿ ಪ್ರಿಂಟರುಗಳ ಸಾಲು. ಮಾರಾಟಕ್ಕಿಟ್ಟ ಬಣ್ಣಬಣ್ಣದ ಡ್ರ್ಯಾಗನ್‌ಗಳನ್ನು ದಾಟಿ, ಉಪಯೋಗಕ್ಕೆ ಬರುವ ಭಾಗಗಳನ್ನು ಮಾಡುವವರ ಹತ್ತಿರ ನಿಲ್ಲುವುದು ಲೇಸು. ಒಂದು ಮೇಜಿನಲ್ಲಿ ಎರಡು ಕೊಕ್ಕೆ ಇಟ್ಟಿದ್ದರು: ಅದೇ ವಿನ್ಯಾಸ, ಅದೇ ಪಿಎಲ್‌ಎ ಪ್ಲಾಸ್ಟಿಕ್. ನಿಲ್ಲಿಸಿ ಮುದ್ರಿಸಿದ್ದು ಕೈಯಲ್ಲಿ ಎಳೆದರೆ ಪದರದ ಗೆರೆಯಲ್ಲೇ ಚಟ್ಟನೆ ಮುರಿಯಿತು, ಮಲಗಿಸಿ ಮುದ್ರಿಸಿದ್ದು ತುಂಬಿದ ಚೀಲ ತಡೆದುಕೊಂಡಿತು. ಪದರ ಪದರದ ನಡುವಿನ ಅಂಟು ಪ್ಲಾಸ್ಟಿಕ್ಕಿನ ಎಳೆಗಿಂತ ದುರ್ಬಲ, ಎಳೆತ ಎಳೆಯ ಉದ್ದಕ್ಕೆ ಬೀಳುವಂತೆ ಮಲಗಿಸಬೇಕು. ಉಳಿದ ಮುಕ್ಕಾಲು ತೊಂದರೆ ಮೊದಲ ಪದರದ್ದು. ಪಿಎಲ್‌ಎಗೆ ಮೂತಿ 200–210 ಡಿಗ್ರಿ, ತಟ್ಟೆ 60. ಆದರೂ ಮೂಲೆ ಎದ್ದರೆ ತಟ್ಟೆಯ ಮೇಲೆ ಬೆರಳಿನ ಜಿಡ್ಡಿದೆ. ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಮುದ್ರಿಸುವಾಗ ಚಟಪಟ ಸದ್ದು, ಜೇಡನ ನೂಲಿನಂಥ ಎಳೆ ಬಂದರೆ ಪ್ಲಾಸ್ಟಿಕ್ ತಂತಿಯ ಸುರುಳಿ ತೇವ ಹೀರಿದೆ. 45–50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಬೇಕು. ಮಂಗಳೂರಿನ ಮಳೆಗಾಲದಲ್ಲಿ ಪ್ರಿಂಟರ್ ಇಟ್ಟವರಿಗೆ ಇದು ನಿತ್ಯದ ಮಾತು.

ರೋಬೋಟ್ ಕಾಳಗಕ್ಕೆ ಈ ಕೊಲ್ಲಿ ಪ್ರದೇಶ ತವರುಮನೆ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟ್ ಮೇಸನ್‌ನಲ್ಲಿ ಮಾರ್ಕ್ ಥಾರ್ಪ್ ‘ರೋಬೋಟ್ ವಾರ್ಸ್’ ನಡೆಸಿದರು. ಇಲ್ಲಿ ಕಾದಾಡುವುದು ಪುಟಾಣಿಗಳು: ಒಂದು ಪೌಂಡಿನ, ಅಂದರೆ 454 ಗ್ರಾಮಿನವು, ಮೂರು ಪೌಂಡಿನವು. ದಪ್ಪ ಪ್ಲಾಸ್ಟಿಕ್ ಗೋಡೆಯ ಪೆಟ್ಟಿಗೆಯ ಮುಂದೆ ಕೂಗುವ ಗುಂಪಿಗಿಂತ, ಪಂದ್ಯದ ನಡುವೆ ರಿಪೇರಿ ಮಾಡುವ ಮೇಜು ನೋಡಬೇಕು. ಸೋತವು ಹೆಚ್ಚಾಗಿ ಎದುರಾಳಿಯ ಏಟಿನಿಂದ ಸತ್ತಿರಲಿಲ್ಲ. ಬೆಸುಗೆ ಹಾಕಿದ ತಂತಿಗೆ ಆಸರೆ ಕೊಡದೆ ಬಿಟ್ಟಿದ್ದು, ಅದುರಿ ಕಿತ್ತುಬಂದದ್ದು. ಸ್ಕ್ರೂ ಸಡಿಲಾಗಿ ಬಿದ್ದದ್ದು. ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಬಣ್ಣದ ಥ್ರೆಡ್‌ಲಾಕರ್, ಒಂದು ಹನಿ ಸಾಕು, ಬೇಕೆಂದಾಗ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದು. ಕೆಂಪಿನದ್ದನ್ನು ಬಿಚ್ಚಲು ಕಾಯಿಸಬೇಕು. ಆದರೆ ಆ ಹನಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆಗೆ ತಾಗಿದರೆ ತೂತಿನ ಸುತ್ತ ಬಿರುಕು ಹಬ್ಬುತ್ತದೆ. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಪ್ರತಿ ಸೆಲ್ 4.2 ವೋಲ್ಟಿಗೆ ಪೂರ್ತಿ ತುಂಬುತ್ತದೆ, 3ಕ್ಕಿಂತ ಕೆಳಗೆ ಇಳಿಯಬಾರದು, ಎತ್ತಿಡುವಾಗ 3.8ರಲ್ಲಿ ಇಡಬೇಕು. ಊದಿಕೊಂಡ ಬ್ಯಾಟರಿಗೆ ಅಲ್ಲಿ ಮರಳಿನ ಬಕೆಟ್ ಕಾದಿತ್ತು.

ಊಟದ ಸಾಲು ಉದ್ದ. ಸಸ್ಯಾಹಾರಿಗಳು ಚಪಾತಿಯನ್ನೋ ಪುಳಿಯೋಗರೆಯನ್ನೋ ಕಟ್ಟಿಕೊಂಡು ಬಂದರೆ ಒಂದು ಗಂಟೆ ಉಳಿಯುತ್ತದೆ.

ಮೂರನೆಯ ದಿನ, ಭಾನುವಾರ

ಭಾನುವಾರ ಲೇತಿಗೆ. ಮರ ಕಡೆಯುವ ಸಂಘದವರು ನಾಲ್ಕು ಯಂತ್ರ ಇಟ್ಟಿದ್ದರು, ಒಬ್ಬೊಬ್ಬರ ಪಕ್ಕಕ್ಕೂ ಒಬ್ಬ ಗುರು. ಮಕ್ಕಳಿಗೆ ಬುಗುರಿ, ದೊಡ್ಡವರಿಗೆ ಹಸಿಮರದ ಬಟ್ಟಲು. ಪಕ್ಕದಲ್ಲೇ ಕಾಲಿನಿಂದ ತುಳಿಯುವ ಲೇತ್: ಮೇಲೆ ಬಾಗುವ ಒಂದು ಕೋಲು, ಅದರಿಂದ ಹಗ್ಗ, ಮರವನ್ನು ಸುತ್ತಿ ಮೆಟ್ಟುಹಲಗೆಗೆ. ತುಳಿದಾಗ ಮರ ಉಳಿಯ ಕಡೆಗೆ ತಿರುಗುತ್ತದೆ, ಬಿಟ್ಟಾಗ ಹಿಂದಕ್ಕೆ. ತುಳಿದಾಗ ಮಾತ್ರ ಉಳಿ ಒತ್ತಬೇಕು, ಕಾಲು ಎತ್ತಿದಾಗ ಕೂದಲೆಳೆಯಷ್ಟು ಹಿಂದೆ ಸರಿಸಬೇಕು.

ವಿದ್ಯುತ್ ಲೇತಿನಲ್ಲಿ ವೇಗದ ಲೆಕ್ಕ ಸುಲಭ: ಬಟ್ಟಲಿನ ಅಗಲವನ್ನು ಇಂಚಿನಲ್ಲಿ ಹಿಡಿದು ನಿಮಿಷದ ಸುತ್ತುಗಳಿಂದ ಗುಣಿಸಿದಾಗ 6000ದಿಂದ 9000ದ ನಡುವೆ ಬರಬೇಕು. 8 ಇಂಚಿಗೆ 750ರಿಂದ 1100. ಇನ್ನೂ ದುಂಡಾಗದ ಕೊರಡಿಗೆ ಅದಕ್ಕಿಂತ ಕಡಿಮೆ. ಉಳಿಯನ್ನು ಆನಿಸುವ ಪಟ್ಟಿ ಮರದಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿರಲಿ. ಹಚ್ಚುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ನೋಡಬೇಕು. ಉಳಿ ಮೊದಲು ಪಟ್ಟಿಗೆ, ಆಮೇಲೆ ಅದರ ಇಳಿಜಾರು ಬೆನ್ನು ಮರಕ್ಕೆ, ಹಿಡಿಯನ್ನು ನಿಧಾನವಾಗಿ ಎತ್ತಿದಾಗ ಅಂಚು ಕಡಿಯತೊಡಗುತ್ತದೆ. ಬೆನ್ನು ತಾಗಿಸದೆ ಅಂಚನ್ನೇ ಚುಚ್ಚಿದರೆ ಮರ ಉಳಿಯನ್ನು ಒಳಕ್ಕೆಳೆದು ಕಿತ್ತು ಎಸೆಯುತ್ತದೆ. ಮುಖಕ್ಕೆ ಪೂರ್ತಿ ಕವಚ ಬೇಕು. ಕೈಗವಸು, ಸರ, ದುಪ್ಪಟ್ಟ, ಸಡಿಲ ತೋಳು ಬೇಡವೇ ಬೇಡ.

ಹೊಳಪಿನ ಹೊತ್ತಿಗೆ ಚನ್ನಪಟ್ಟಣ ಕಣ್ಣ ಮುಂದೆ ಬರುತ್ತದೆ. ಇಲ್ಲಿಯವರು ಬಟ್ಟೆಗೆ ಸುರಿದುಕೊಳ್ಳುವ ಶೆಲ್ಯಾಕ್ ಬೇರೇನಲ್ಲ, ನಮ್ಮ ಅರಗೇ. ಇಲ್ಲಿ ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಸ್ವಲ್ಪ ಎಣ್ಣೆ ಬೆರೆಸಿ, ತಿರುಗುವ ಮರಕ್ಕೆ ಒತ್ತುತ್ತಾರೆ; ಉಜ್ಜಿದ ಬಿಸಿಗೆ ಆಲ್ಕೋಹಾಲ್ ಹಾರಿ ಅರಗು ಹಿಡಿಯುತ್ತದೆ. ಚನ್ನಪಟ್ಟಣದಲ್ಲಿ ದ್ರಾವಕವೇ ಇಲ್ಲ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಹಾಲೆಮರಕ್ಕೆ ನೇರ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅದು ಕರಗಿ ಹರಡುತ್ತದೆ, ಮೇಲೆ ಒಣಗಿದ ಕೇದಗೆ ಗರಿಯಿಂದ ತಿಕ್ಕಿ ಕನ್ನಡಿಯಾಗಿಸುತ್ತಾರೆ. ಒಣಗಲು ಕಾಯುವ ಕೆಲಸವಿಲ್ಲ, ವಾಸನೆಯಿಲ್ಲ. ದ್ರವ ಅರಗಿಗೆ ಇನ್ನೊಂದು ಕಾಟ: ಕಲಸಿ ಆರು ತಿಂಗಳಾದ ಮೇಲೆ ಗಟ್ಟಿಯಾಗಿ ಒಣಗದೆ ಅಂಟಂಟಾಗಿ ಉಳಿಯಬಹುದು. ಹಳೆಯ ಬಾಟಲಿಯಿಂದ ಒಂದು ಹನಿ ಗಾಜಿನ ಮೇಲೆ ಬಿಟ್ಟು, ಒಣಗಿದ ಮೇಲೂ ಉಗುರು ಊರಿದರೆ ಚೆಲ್ಲಿಬಿಡಬೇಕು. ಹಚ್ಚಲು ಬಟ್ಟೆಗಿಂತ ಕಾಗದದ ಟವೆಲ್ ಒಳ್ಳೆಯದು. ಬಟ್ಟೆ ಸುತ್ತಿಕೊಂಡರೆ ಬೆರಳನ್ನೂ ಎಳೆಯುತ್ತದೆ, ಕಾಗದ ಹರಿಯುತ್ತದೆ. ಅರಗಿನ ಹೊಳಪಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಆದ್ದರಿಂದ ಬುಗುರಿ, ಡಬ್ಬಿಗಳಿಗೆ ಅದು ಸರಿ, ಕಾಫಿ ತಟ್ಟೆಗೆ ಅಲ್ಲ.

ಮಧ್ಯಾಹ್ನ ಕಳೆಯುತ್ತಿದ್ದಂತೆ ಮೇಜುಗಳು ಖಾಲಿಯಾಗತೊಡಗಿದವು. ಈ ಕೊನೆಯ ಹೊತ್ತಿನಲ್ಲಿ ಉಳಿದ ಕಿಟ್‌ಗಳನ್ನು ಅಗ್ಗಕ್ಕೆ ಬಿಡುವವರೂ ಉಂಟು, ಮನಬಿಚ್ಚಿ ಮಾತಾಡುವವರಂತೂ ಎಲ್ಲರೂ. ಭಾನುವಾರ ಕೊನೆಯ ದೋಣಿ ತಪ್ಪಿದರೆ ವಾಪಸಾತಿ ದುಬಾರಿ; ಹೊತ್ತನ್ನು ಕೈಮೇಲೆ ಬರೆದುಕೊಂಡರೂ ತಪ್ಪಿಲ್ಲ.

ಮರುದಿನ, ಸೋಮವಾರ

ಮನೆಗೆ ತಂದ ನೀಲಿ ಬಟ್ಟೆಯ ಗಂಟು ಬಿಚ್ಚಿ, ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ. ಕೊನೆಯ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿದರೆ ಸುಣ್ಣದ ಒರಟು ಹೋಗುತ್ತದೆ. ಮೊದಲ ಎರಡು ಮೂರು ಒಗೆತ ಬೇರೆಯಾಗಿಯೇ ಇರಲಿ.

ಹಸಿಮರದ ಬಟ್ಟಲಿಗೆ ತಾಳ್ಮೆ ಬೇಕು. ಮೇಳದಲ್ಲಿ ಅದನ್ನು ಅಗಲದ ಹತ್ತನೇ ಒಂದು ಪಾಲು ದಪ್ಪಕ್ಕೆ, ಅಂದರೆ 8 ಇಂಚಿನದ್ದಕ್ಕೆ ಸುಮಾರು 20 ಮಿಲಿಮೀಟರ್ ಗೋಡೆಗೆ ನಿಲ್ಲಿಸಿರುತ್ತಾರೆ. ಒಣಗುವಾಗ ಮೊಟ್ಟೆಯಾಕಾರಕ್ಕೆ ಸೊಟ್ಟಗಾಗುವುದನ್ನು ಆಮೇಲೆ ಕಡೆದು ಸರಿಮಾಡಲು ಅಷ್ಟು ಮರ ಬೇಕು. ಈಗಲೇ ಬಿಸಿಲಿಗಿಟ್ಟರೆ ಹೊರಭಾಗ ಬೇಗ ಕುಗ್ಗಿ ಸೀಳುತ್ತದೆ. ಅದೇ ಮರದ ಹೊಟ್ಟಿನ ಜೊತೆ ಕಾಗದದ ಚೀಲಕ್ಕೆ ಹಾಕಿ, ಬಾಯಿ ಮಡಿಸಿ, ನೆರಳಿನಲ್ಲಿ ನೆಲದ ಹತ್ತಿರ ಇಡಿ. ಹೊಟ್ಟಿಗೆ ಬೂಷ್ಟು ಹಿಡಿದರೆ ಬದಲಾಯಿಸಿ. ಚೀಲದ ಮೇಲೆ ತಾರೀಖು ಬರೆದು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಬಟ್ಟಲಿನ ತೂಕ ನೋಡಿ ಪಕ್ಕದಲ್ಲಿ ಗುರುತು ಹಾಕಿ. ಮೊದಲ ವಾರಗಳಲ್ಲಿ ತೂಕ ಸರಸರ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಸತತ ನಾಲ್ಕು ವಾರ ಅದೇ ಸಂಖ್ಯೆ ಬಂದರೆ ಮರ ಒಣಗಿದೆ. ಮತ್ತೆ ಲೇತಿಗೆ ಏರಿಸಿ, ದುಂಡು ಮಾಡಿ, ಅರಗು ಹಚ್ಚಬಹುದು.